ಬೆನ್ನಿನ ಮೇಲೆ ಇಂಜಿನ್ನಿದ್ದ ಗಡಿಯಾರ

ನನ್ನ ಮಾವನವರು, ಎಂದರೆ ಹೆಂಡತಿಯ ತಂದೆ, ಅತ್ತೆ ತೀರಿಕೊಂಡ ಮೇಲೆ ಅರಸೀಕೆರೆಯ ಬಾಡಿಗೆ ಮನೆ ಖಾಲಿ ಮಾಡಿ ಬೆಂಗಳೂರಿನ ತ್ಯಾಗರಾಜನಗರದ ನಮ್ಮ ಮನೆಗೆ ಬಂದರು. ಅವರಿಗೆ ಒಬ್ಬಳೇ ಮಗಳು. ಬೇರೆ ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಬರುವಾಗ ಒಂದು ಟ್ರಂಕು, ಹಾಸಿಗೆ ಸುರುಳಿ, ಪೂಜೆ ಸಾಮಾನಿನ ಒಂದು ಚೀಲ ತಂದಿದ್ದರು. ಮಗಳ ಮನೆಯಲ್ಲಿ ಇರುವುದು ಅವರ ಮನಸ್ಸಿಗೆ ಒಗ್ಗಿದ್ದಲ್ಲ ಎನ್ನುವುದು ಮೊದಲ ದಿನವೇ ಗೊತ್ತಾಯಿತು. ಹಾಲಿನಲ್ಲಿ ಒಳ್ಳೆಯ ಕುರ್ಚಿ ಇದ್ದರೂ ಕಿಟಕಿ ಪಕ್ಕದ ಪ್ಲಾಸ್ಟಿಕ್ ಕುರ್ಚಿ ಹಿಡಿದರು. ಫ್ಯಾನ್ ಹಾಕಬೇಕಾದರೂ ನನ್ನ ಮುಖ ನೋಡಿ, "ಹಾಕಲಾ ಅಳಿಯಂದ್ರೇ?" ಅನ್ನುತ್ತಿದ್ದರು. ಊಟವಾದ ಮೇಲೆ ತಟ್ಟೆ ತಾವೇ ತೊಳೆದಿಡುತ್ತಿದ್ದರು. ಬೇಡ ಎಂದು ನನ್ನ ಹೆಂಡತಿ ಎಷ್ಟು ಜಗಳ ಆಡಿದರೂ ಅದೊಂದನ್ನು ಬಿಡಲಿಲ್ಲ.

ಅವರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಮೀಟರ್ ಗೇಜ್ ಕಾಲದಲ್ಲಿ ಗೂಡ್ಸ್ ಗಾಡಿಯಲ್ಲಿ ಶುರುಮಾಡಿ, ಆಮೇಲೆ ಪ್ಯಾಸೆಂಜರ್ ಗಾಡಿಗಳಲ್ಲಿ ವರ್ಷಗಟ್ಟಲೆ ಓಡಾಡಿ ರಿಟೈರ್ ಆದರು. ಬಿಳಿ ಪ್ಯಾಂಟು, ಬಿಳಿ ಶರ್ಟು, ಹಣೆಗೆ ವಿಭೂತಿ. ಮನೆಯಲ್ಲಿದ್ದರೂ ಬೆಳಿಗ್ಗೆ ಸ್ನಾನವಾದ ಮೇಲೆ ಇಸ್ತ್ರಿ ಮಾಡಿದ ಬಟ್ಟೆಯೇ. ಪ್ಯಾಂಟಿನ ಸೊಂಟದ ಹತ್ತಿರ ಒಂದು ಪುಟ್ಟ ಜೇಬು, ಅದರೊಳಗೆ ಒಂದು ಗಡಿಯಾರ, ಅದಕ್ಕೊಂದು ಸರಪಳಿ. ಸಮಯ ನೋಡಬೇಕಾದರೆ ಕೈ ತನಗೆ ತಾನೇ ಅಲ್ಲಿಗೆ ಹೋಗಿ, ಹೆಬ್ಬೆರಳು ಮುಚ್ಚಳದ ಗುಂಡಿ ಒತ್ತಿ, ಟಕ್ ಎಂದು ತೆರೆಯುತ್ತಿತ್ತು. ಗಡಿಯಾರದ ಬೆನ್ನಿನ ಮೇಲೆ ಹೊಗೆ ಬಿಡುತ್ತಾ ಓಡುವ ಉಗಿಬಂಡಿಯ ಉಬ್ಬು ಚಿತ್ರ. ಅದನ್ನು ನೋಡಿದವರು ಯಾರೂ ಸುಮ್ಮನೆ ಮುಂದೆ ಹೋಗುತ್ತಿರಲಿಲ್ಲ.

ನನ್ನದು ಜಯನಗರದಲ್ಲಿ ಒಂದು ಕನ್ನಡಕದ ಅಂಗಡಿ. ಹೊತ್ತು ಹೋಗಲಿ ಎಂದು ಮಾವನವರನ್ನೂ ಕರೆದುಕೊಂಡು ಹೋಗುತ್ತಿದ್ದೆ. ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೂತು ಪೇಪರ್ ಓದುತ್ತಿದ್ದರು. ಒಂದು ದಿನ ಕನ್ನಡಕ ತಗೊಳ್ಳಲು ಬಂದ ಹೆಂಗಸೊಬ್ಬರು ಗಡಿಯಾರ ನೋಡಿ, "ಎಷ್ಟು ಚೆನ್ನಾಗಿದೆ ಅಂಕಲ್, ಎಲ್ಲಿ ಸಿಕ್ತು?" ಎಂದು ಕೇಳಿದರು. ಮಾವನವರು ಬಾಯಿ ತೆಗೆಯುವ ಮೊದಲೇ ನಾನು ಕೌಂಟರ್ ಹಿಂದಿನಿಂದ, "ರೈಲ್ವೆಯವರೇ ಕೊಟ್ಟಿದ್ದು ಮೇಡಂ. ನಮ್ಮ ಮಾವನೋರು ಗಾರ್ಡ್ ಆಗಿದ್ರು, ಸರ್ವಿಸ್ ಮೆಚ್ಚಿ ಕೊಟ್ರು" ಅಂದೆ. ನಾನು ಅದನ್ನು ಸುಳ್ಳು ಎಂದುಕೊಂಡು ಹೇಳಲಿಲ್ಲ. ರೈಲ್ವೆ ಗಾರ್ಡ್, ಬೆನ್ನಿನ ಮೇಲೆ ರೈಲಿರುವ ಗಡಿಯಾರ, ಮತ್ತೇನಿರುತ್ತದೆ ಎನ್ನುವ ಧಾಟಿ. ಮಾವನವರು ಮುಚ್ಚಳ ಮುಚ್ಚಿ ಜೇಬಿಗೆ ಹಾಕಿಕೊಂಡು ಪೇಪರ್ ಮುಂದೆ ಹಿಡಿದರು. ಅದನ್ನು ನಾನು ವಿನಯ ಅಂದುಕೊಂಡೆ.

ಆ ಹೆಂಗಸು ಎರಡು ಕನ್ನಡಕ ಮಾಡಿಸಿಕೊಂಡು ಹೋದರು. ಅಲ್ಲಿಂದ ಕಥೆಗೆ ಕಾಲು ಬಂತು.

ಮಾವನವರು ಕೆಲಸದ ವಿಚಾರ ತಾವಾಗಿ ಹೇಳುತ್ತಿರಲಿಲ್ಲ. ಬೆಳಿಗ್ಗೆ ನಾವಿಬ್ಬರೂ ಪಾರ್ಕಿಗೆ ಹೋಗುವಾಗ ನಾನು ಕೇಳಿದರೆ ಹೇಳುತ್ತಿದ್ದರು. ಗಾರ್ಡಿಗೆ ಗಡಿಯಾರ ಯಾಕೆ ಅಷ್ಟು ಮುಖ್ಯ ಎನ್ನುವುದು ತಿಳಿದದ್ದು ಹಾಗೆಯೇ. ಆಗ ಇದ್ದದ್ದು ಒಂದೇ ಹಳಿ. ಎದುರಿನಿಂದ ಬರುವ ಗಾಡಿ ಒಂದು ಸ್ಟೇಷನ್ನಿನಲ್ಲಿ ಪಕ್ಕಕ್ಕೆ ನಿಂತರೆ ಈ ಗಾಡಿ ಮುಂದೆ ಹೋಗಬೇಕು. ದಿನಾ ಸಂಜೆ ನಾಲ್ಕು ಗಂಟೆಗೆ ಎಲ್ಲಾ ಸ್ಟೇಷನ್ನಿಗೂ ಕಂಟ್ರೋಲ್ ಆಫೀಸಿನಿಂದ ಸಮಯದ ಸಂಕೇತ ಬರುತ್ತಿತ್ತು. ಸ್ಟೇಷನ್ ಮಾಸ್ಟರ್ ಅದಕ್ಕೆ ಗೋಡೆ ಗಡಿಯಾರ ಹೊಂದಿಸುವರು. ಗಾಡಿ ಹೊರಡುವ ಮೊದಲು ಗಾರ್ಡು ಆ ಗೋಡೆ ಗಡಿಯಾರ ನೋಡಿ ತನ್ನದನ್ನು ಹೊಂದಿಸಿಕೊಂಡು, ಪ್ಲಾಟ್‌ಫಾರಂ ಉದ್ದಕ್ಕೂ ಇಂಜಿನ್ ತನಕ ನಡೆದುಹೋಗಿ ಡ್ರೈವರಿಗೆ ಸಮಯ ಹೇಳಬೇಕು. ಡ್ರೈವರು ತನ್ನದನ್ನು ಅದಕ್ಕೆ ಸರಿಮಾಡಿಕೊಳ್ಳಬೇಕು. "ಗಾಡೀಲಿ ಅವನೊಂದು ತುದಿ, ನಾನೊಂದು ತುದಿ. ಮಧ್ಯೆ ಮಾತಾಡಕ್ಕೆ ಏನೂ ಇಲ್ಲ. ಇಬ್ಬರ ವಾಚೂ ಒಂದೇ ಹೇಳ್ಬೇಕು, ಅಷ್ಟೇ" ಅನ್ನುತ್ತಿದ್ದರು.

ಇನ್ನೊಂದು ಸಲ, ಮಳೆಗಾಲದಲ್ಲಿ ಒಂದು ಹಳ್ಳದ ಹತ್ತಿರ ಹಳಿಯ ಕೆಳಗಿನ ಮಣ್ಣು ಕೊಚ್ಚಿಹೋಗಿದ್ದ ವಿಷಯ ಹೇಳಿದರು. ಲೈನು ಕಾಯುವ ಗ್ಯಾಂಗ್‌ಮನ್ ಒಬ್ಬ ಅದನ್ನು ಕಂಡು, ಬರುತ್ತಿದ್ದ ಗಾಡಿಯ ಎದುರಿಗೆ ಕೆಂಪು ದೀಪ ಹಿಡಿದು ಓಡಿ, ಚಕ್ರ ಹತ್ತಿದರೆ ಸಿಡಿದು ಡ್ರೈವರನ್ನು ಎಚ್ಚರಿಸುವ ಪಟಾಕಿಯನ್ನು ಹಳಿಯ ಮೇಲೆ ಇಟ್ಟು ಗಾಡಿ ನಿಲ್ಲಿಸಿದನಂತೆ. ಆ ಗಾಡಿಯ ಗಾರ್ಡು ನಮ್ಮ ಮಾವನವರು.

ಇವೆರಡನ್ನೂ ನಾನು ಸೇರಿಸಿಬಿಟ್ಟೆ. ಬೇಕೆಂದು ಕೂತು ಸೇರಿಸಲಿಲ್ಲ. ಗಿರಾಕಿಗಳ ಮುಂದೆ ಹೇಳುತ್ತಾ ಹೇಳುತ್ತಾ ಗ್ಯಾಂಗ್‌ಮನ್ ಮಾಯವಾದ. ಅವನ ಜಾಗದಲ್ಲಿ ನಮ್ಮ ಮಾವ ನಿಂತರು. ಗಡಿಯಾರ ನೋಡಿ ಏನೋ ಅನುಮಾನ ಬಂದು ಗಾಡಿ ನಿಲ್ಲಿಸಿದರು, ಗಾಡಿ ತುಂಬ ಜನ ಉಳಿದರು, ಮೇಲಧಿಕಾರಿ ಸಭೆ ಮಾಡಿ ಬೆನ್ನಿನ ಮೇಲೆ ಇಂಜಿನ್ ಕೆತ್ತಿಸಿದ ಗಡಿಯಾರ ಕೊಟ್ಟರು. ಕಥೆ ಚೆನ್ನಾಗಿತ್ತು. ನೆಂಟರ ಮನೆಯ ಗೃಹಪ್ರವೇಶ, ನಾಮಕರಣ, ಎಲ್ಲೆಲ್ಲಿ ಊಟದ ಹೊತ್ತಿಗೆ ನಾಲ್ಕು ಜನ ಕೂತರೂ ಹೇಳಿದೆ. ನನ್ನ ಮಗಳು ಬೆಳೆಯುತ್ತಾ ಅದನ್ನೇ ಕೇಳಿದಳು. ನನ್ನ ಅಪ್ಪನ ಕಡೆ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಈ ಗಡಿಯಾರ ಬಂದ ಮೇಲೆ ನನಗೂ ಒಂದು ಮನೆತನ ಸಿಕ್ಕ ಹಾಗಾಗಿತ್ತು.

ಹೀಗಿರುವಾಗ ಹೋದ ವರ್ಷ ಮಗಳಿಗೆ ಒಂದು ಸಂಬಂಧ ಕೂಡಿ ಬಂತು. ಹುಡುಗ ಅವಳ ಜೊತೆಯೇ ಓದಿದವನು, ಇಬ್ಬರೂ ಮೊದಲೇ ಒಪ್ಪಿಕೊಂಡಿದ್ದರು. ದೊಡ್ಡವರು ಕೂತು ಮಾತಾಡುವುದಷ್ಟೇ ಬಾಕಿ. ಹುಡುಗನ ತಂದೆ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಆಗಿದ್ದು ರಿಟೈರ್ ಆದವರು. ಜಯನಗರದಲ್ಲಿ ಸ್ವಂತ ಮನೆ. ಅವರಿಗೆ ಹಳೆಯ ಗಡಿಯಾರ ಕೂಡಿಡುವ ಹುಚ್ಚು. ತಾತನ ಗಡಿಯಾರದ ಕಥೆಯನ್ನು ಮಗಳು ಹುಡುಗನಿಗೆ ಹೇಳಿದ್ದಳು, ಹುಡುಗ ಅವನ ಅಪ್ಪನಿಗೆ ಹೇಳಿದ್ದ. ಫೋನಿನಲ್ಲಿ ಮೊದಲ ಸಲ ಮಾತಾಡಿದಾಗಲೇ ಅವರು, "ಬಂದಾಗ ನಿಮ್ಮ ಮಾವನೋರನ್ನ ನೋಡ್ಬೇಕು, ಆ ವಾಚನ್ನೂ ನೋಡ್ಬೇಕು" ಅಂದರು. ನನಗೆ ಎದೆ ಉಬ್ಬಿತು. ಆಸ್ತಿಯಲ್ಲಿ ಅವರ ಸಮಕ್ಕೆ ನಾವಿಲ್ಲ, ಇದೊಂದರಲ್ಲಾದರೂ ಒಂದು ಕೈ ಮೇಲು ಎನಿಸಿತು.

ಭಾನುವಾರ ಮಧ್ಯಾಹ್ನ ಬಂದರು. ಹುಡುಗ, ಅವನ ತಂದೆ ತಾಯಿ, ಜೊತೆಗೆ ಹುಡುಗನ ಸೋದರತ್ತೆ. ಉಪ್ಪಿಟ್ಟು, ಕೇಸರಿಬಾತು, ಕಾಫಿ ಆಯಿತು. ಮಾವನವರು ಅವತ್ತು ಹೊಸ ಶರ್ಟು ಹಾಕಿಕೊಂಡು ತಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲೇ ಕೂತಿದ್ದರು. ಸೊಂಟದ ಹತ್ತಿರ ಸರಪಳಿ ಕಾಣಲಿಲ್ಲ.

"ಮಾವ, ವಾಚ್ ಎಲ್ಲಿ?" ಅಂದೆ.

"ಒಳಗಿದೆ. ಈಗ್ಯಾಕೆ ಬಿಡಿ ಅಳಿಯಂದ್ರೇ, ಮಕ್ಕಳ ವಿಷಯ ಮಾತಾಡಿ."

"ಅಯ್ಯೋ, ಅವರು ಬಂದಿರೋದೇ ಅದನ್ನ ನೋಡಕ್ಕೆ" ಎಂದು ನಕ್ಕು, ನಾನೇ ಎದ್ದುಹೋಗಿ ಅವರ ಟ್ರಂಕಿನ ಮೇಲೆ ಕರ್ಚೀಫಿನಲ್ಲಿ ಸುತ್ತಿಟ್ಟಿದ್ದ ಗಡಿಯಾರ ತಂದೆ. ಅವರ ಅಪ್ಪಣೆ ಕೇಳದೆ ಅವರ ಸಾಮಾನು ಮುಟ್ಟಿದ್ದು ಅದೇ ಮೊದಲು. ಮನೆಯಲ್ಲಿ ಅಂಗಡಿಯ ಒಂದು ಭೂತಗನ್ನಡಿ ಇತ್ತು, ಅದನ್ನೂ ತಂದು ಬೀಗರಾಗುವವರ ಕೈಗೆ ಕೊಟ್ಟೆ. ಅವರು ನೋಡುತ್ತಿರುವಾಗ ಕಥೆ ಶುರುಮಾಡಿದೆ. ಹಳ್ಳ, ಮಳೆ, ಕೊಚ್ಚಿಹೋದ ಮಣ್ಣು, ಮಾವನವರ ಕೆಂಪು ದೀಪ, ಎಲ್ಲವನ್ನೂ. ಸೋದರತ್ತೆ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು.

ಹುಡುಗನ ತಂದೆ ಬೆನ್ನಿನ ಇಂಜಿನ್ನಿನ ಮೇಲೆ ಒಮ್ಮೆ ಬೆರಳಾಡಿಸಿದರು. ಉಗುರಿನಿಂದ ಹಿಂದಿನ ಮುಚ್ಚಳ ಬಿಡಿಸಿ, ಭೂತಗನ್ನಡಿ ಹಿಡಿದು ಒಳಗೆ ನೋಡಿದರು. ಬೇಗನೆ ಮುಚ್ಚಿದರು. ನನ್ನ ಕಡೆ ನೋಡದೆ ಮಾವನವರ ಕಡೆ ತಿರುಗಿ, "ಬಹಳ ಚೆನ್ನಾಗಿ ಇಟ್ಕೊಂಡಿದ್ದೀರಿ ಸಾರ್" ಅಂದರು. ಮಾವನವರು ಕೈ ಮುಗಿದರು.

ಅಲ್ಲಿಗೆ ಮುಗಿಯಬೇಕಿತ್ತು. ಅವರು ಮುಗಿಸಲು ನೋಡಿದರು. ಸೋದರತ್ತೆ, "ಎಷ್ಟು ಹಳೇದಿರ್ಬಹುದು ಅಣ್ಣಾ?" ಎಂದು ಕೇಳಿದಾಗ, "ನೋಡ್ಬೇಕು, ಹಾಗೆ ಹೇಳಕ್ಕಾಗಲ್ಲ" ಎಂದು ಕಾಫಿ ಲೋಟ ಎತ್ತಿಕೊಂಡರು. ನನಗೆ ಅದು ಹೊಟ್ಟೆಕಿಚ್ಚಿನ ಹಾಗೆ ಕಂಡಿತು. ದೇವರಾಣೆ, ಹಾಗೆಯೇ ಕಂಡಿತು.

"ಸಂಕೋಚ ಬೇಡ ಸಾರ್, ಹೇಳಿ" ಅಂದೆ. "ನಿಮ್ಮ ಕಲೆಕ್ಷನ್ನಲ್ಲೂ ಇಂಥದ್ದು ಇರಲಿಕ್ಕಿಲ್ಲ, ಅಲ್ವಾ?"

ಅವರು ಕಾಫಿ ಲೋಟ ಕೆಳಗಿಟ್ಟರು. ಮಾವನವರು ಮಾತಾಡಿದರು.

"ಅದು ರೈಲ್ವೇದಲ್ಲ ಸ್ವಾಮಿ. ರೈಲ್ವೆ ವಾಚು ನಾನು ರಿಟೈರ್ ಆದ ದಿವ್ಸವೇ ವಾಪಸ್ ಕೊಟ್ಟೆ. ಇದು ಸಂಡೇ ಬಜಾರಲ್ಲಿ ತಗೊಂಡಿದ್ದು. ಹೊಸ ಮಾಲೇ, ಹಳೇದರ ಥರ ಮಾಡಿ ಮಾರ್ತಾರೆ. ಗಾಡಿ ನಿಲ್ಸಿದ್ದೂ ನಾನಲ್ಲ, ಗ್ಯಾಂಗ್‌ಮನ್."

ದನಿ ಏರಿಸದೆ, ಯಾರಿಗೋ ದಾರಿ ಹೇಳುವ ಹಾಗೆ ಹೇಳಿದರು. ಸೋದರತ್ತೆಯ ತುಟಿಯ ಕೊನೆಯಲ್ಲಿ ಒಂದು ಸಣ್ಣ ನಗು ಬಂತು, ಅವರು ಸೆರಗಿನಿಂದ ಒರೆಸಿಕೊಂಡರು. ನನ್ನ ಕಿವಿಯೆಲ್ಲ ಬಿಸಿಯಾಯಿತು. ಆಗ ನಾನು ಹೇಳಿದ ಮಾತು ಇದು:

"ಮಾವನೋರಿಗೆ ವಯಸ್ಸಾಯ್ತು ನೋಡಿ. ಈಗೀಗ ಸ್ವಲ್ಪ ಮರೆವು. ಒಂದಕ್ಕೊಂದು ಕಲಸಿಬಿಡ್ತಾರೆ."

ಎದುರಿಗೇ ಕೂತಿದ್ದರು. ನನ್ನನ್ನು ನೋಡಿದರು. ಸಿಟ್ಟಿನಿಂದ ನೋಡಿದ್ದರೆ ನನಗೆ ಇವತ್ತು ಇಷ್ಟು ಕಷ್ಟವಾಗುತ್ತಿರಲಿಲ್ಲ. ನನಗೆ ಏನು ಬೇಕು ಎಂದು ತಿಳಿದುಕೊಳ್ಳುವ ಹಾಗೆ ನೋಡಿದರು. ಆಮೇಲೆ ತಲೆ ಆಡಿಸಿ, "ಹೌದು. ಇರ್ಬಹುದು. ವಯಸ್ಸಾಯ್ತು" ಅಂದರು.

ಅಡುಗೆಮನೆ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದ ಮಗಳು, "ತಾತನಿಗೆ ಮರೆವಿಲ್ಲ" ಅಂದಳು. ಅಷ್ಟೇ ಹೇಳಿ ತಟ್ಟೆಯನ್ನು ಟೀಪಾಯಿಯ ಮೇಲಿಟ್ಟು ತನ್ನ ಕೋಣೆಗೆ ಹೋದಳು. ಹುಡುಗ ಅವಳ ಹಿಂದೆ ಹೋಗಲೋ ಬೇಡವೋ ಎಂದು ಅರ್ಧ ಎದ್ದು ಮತ್ತೆ ಕೂತ. ಹುಡುಗನ ತಾಯಿ ಯಾವುದೋ ಛತ್ರದ ವಿಷಯ ತೆಗೆದರು. ಸ್ವಲ್ಪ ಹೊತ್ತಿನಲ್ಲಿ ಎಲ್ಲರೂ ಹೊರಟರು. ಹೊರಡುವಾಗ ಹುಡುಗನ ತಂದೆ ಬಗ್ಗಿ ಮಾವನವರ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ನನಗೆ ಬರೀ ಕೈ ಕುಲುಕಿದರು.

ಗೇಟಿನ ತನಕ ಹೋಗಿ ಬಂದು ನೋಡಿದರೆ ಮಾವನವರು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. "ಒಂದು ರೌಂಡು ಹಾಕ್ಕೊಂಡು ಬರ್ತೀನಿ" ಎಂದು ಹೊರಟುಹೋದರು. ನಾನು ಹೆಂಡತಿಯ ಮುಂದೆ ನಿಂತೆ.

"ನಿಂಗೆ ಗೊತ್ತಿತ್ತಾ?" ಅಂದೆ.

"ಗೊತ್ತಿತ್ತು. ಅಪ್ಪ ಅದನ್ನ ತಗೊಂಡಾಗ ನಾನು ಜೊತೇಲೇ ಇದ್ದೆ."

"ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀವು ಯಾವತ್ತು ಕೇಳಿದ್ರಿ? ಮೊದಲ ಸಲ ನೀವು ಯಾರ ಹತ್ರಾನೋ ಹೇಳಿದಾಗ ಅಪ್ಪನ್ನ ಕೇಳ್ದೆ, ಅಳಿಯಂದ್ರಿಗೆ ಹೇಳ್ಲಾ ಅಂತ. ಬೇಡ, ನನ್ನ ಮೇಲಿನ ಅಭಿಮಾನಕ್ಕೆ ಹೇಳ್ತಾರೆ, ನಾಲ್ಕು ಜನರ ಮುಂದೆ ಅವರನ್ನ ತಗ್ಗಿಸೋದು ಬೇಡ ಅಂದ್ರು." ಅವಳು ಲೋಟಗಳನ್ನು ಒಂದರೊಳಗೊಂದು ಇಡುತ್ತಿದ್ದಳು. "ನೀವು ಇವತ್ತು ಅವರನ್ನ ಏನು ಮಾಡಿದ್ರಿ ಗೊತ್ತಾ?"

ಗೊತ್ತಿತ್ತು. ಅವಳು ಕೇಳುವ ಮೊದಲೇ ಗೊತ್ತಿತ್ತು. ನನ್ನ ಮನೆಯಲ್ಲಿ ಉಣ್ಣುತ್ತಾರೆ ಎನ್ನುವ ಒಂದೇ ಕಾರಣಕ್ಕೆ ಅವರು ನನ್ನ ಸುಳ್ಳನ್ನು ಇಷ್ಟು ದಿನ ಹೊತ್ತರು. ಕೊನೆಗೆ ತಮ್ಮ ಬುದ್ಧಿಯೇ ಕೆಟ್ಟಿದೆ ಎಂದು ಒಪ್ಪಿಕೊಂಡರು. ದಿನವಿಡೀ ಬೇರೆಯವರ ಕಣ್ಣು ನೋಡಿ ಎಷ್ಟು ಕಾಣುತ್ತದೆ ಎಂದು ಹೇಳುವ ಕಸುಬು ನನ್ನದು. ಒಂದು ಸಲವೂ ಆ ಗಡಿಯಾರದ ಹಿಂದಿನ ಮುಚ್ಚಳ ತೆಗೆದು ನೋಡಿರಲಿಲ್ಲ.

ಮಾರನೆಯ ದಿನದಿಂದ ಮಾವನವರು ಅಂಗಡಿಗೆ ಬರುವುದು ಬಿಟ್ಟರು. ಮಂಡಿ ನೋವು ಅಂದರು. ಮಂಡಿ ನೋವು ನಿಜವೇ ಇತ್ತು, ಆದರೆ ಅದು ಮೊದಲೂ ಇತ್ತು. ಬಂದ ಗಿರಾಕಿಗಳು, "ರೈಲ್ವೆ ಅಂಕಲ್ ಎಲ್ಲಿ ಕಾಣ್ತಿಲ್ಲ?" ಎಂದು ಕೇಳುವರು. ನಾನು ಫ್ರೇಮು ಒರೆಸುತ್ತಾ, "ಮನೇಲಿದ್ದಾರೆ" ಅನ್ನುತ್ತಿದ್ದೆ. ಮನೆಯಲ್ಲಿ ಅವರು ಮೊದಲಿನ ಹಾಗೇ ಇದ್ದರು. ನನ್ನ ಜೊತೆ ಮಾತು ಬಿಡಲಿಲ್ಲ, ಮುಖ ಗಂಟು ಹಾಕಲಿಲ್ಲ. ಒಂದೇ ಒಂದು ವ್ಯತ್ಯಾಸ. ನಾನಿರುವಾಗ ಏನಾದರೂ ಹೇಳಬೇಕಾದರೆ, "ನನಗೆ ನೆನಪಿರೋ ಮಟ್ಟಿಗೆ" ಎಂದು ಶುರುಮಾಡುತ್ತಿದ್ದರು. ಹಾಲಿನವನು ಬಂದು ಹೋದ ಎನ್ನುವುದಕ್ಕೂ ಹಾಗೆಯೇ. ಕೊಂಕು ಅದರಲ್ಲಿರಲಿಲ್ಲ. ನಾನು ಹೇಳಿದ್ದನ್ನು ಅವರು ನಿಜವಾಗಿಯೂ ತಮ್ಮ ಮೇಲೆ ಹಾಕಿಕೊಂಡುಬಿಟ್ಟಿದ್ದರು ಎಂದು ತಿಳಿದಾಗ ನನಗೆ ಅನ್ನ ಇಳಿಯಲಿಲ್ಲ.

ಒಂದು ಬೆಳಿಗ್ಗೆ ಧೈರ್ಯ ಮಾಡಿ ಅವರನ್ನು ಪಾರ್ಕಿಗೆ ಕರೆದುಕೊಂಡು ಹೋದೆ. ಕಲ್ಲು ಬೆಂಚಿನ ಮೇಲೆ ಕೂತೆವು.

"ಮಾವ, ಅವತ್ತು ನಾನು ಹಾಗೆ ಅನ್ಬಾರ್ದಾಗಿತ್ತು" ಅಂದೆ.

"ಅಯ್ಯೋ, ಅದಕ್ಕೇನೀಗ."

"ಇಲ್ಲ ಮಾವ. ನಿಮಗೆ ಮರೆವಿಲ್ಲ. ನನ್ನ ಮಾನ ಉಳಿಸ್ಕೊಳ್ಳಕ್ಕೆ ಹೇಳ್ದೆ."

ಎದುರಿಗೆ ಹೆಂಗಸರ ಗುಂಪೊಂದು ಕೈ ಬೀಸಿಕೊಂಡು ಸುತ್ತು ಹಾಕುತ್ತಿತ್ತು. "ತಪ್ಪು ನಂದೂ ಇದೆ" ಅಂದರು. "ಮೊದಲ್ನೇ ಸಲವೇ ಹೇಳ್ಬೇಕಿತ್ತು. ನೀವು ಅಷ್ಟು ಸಂತೋಷವಾಗಿ ಹೇಳ್ತಿದ್ರಿ. ನನ್ನ ಬಗ್ಗೆ ಯಾರೂ ಹಾಗೆ ಹೇಳಿರ್ಲಿಲ್ಲ ಅಳಿಯಂದ್ರೇ. ಕೇಳಕ್ಕೆ ಚೆನ್ನಾಗಿತ್ತು."

ಆ ಮಾತು ನನ್ನನ್ನು ಇನ್ನಷ್ಟು ಕುಗ್ಗಿಸಿತು. ನಾನು ಬೈಸಿಕೊಳ್ಳಲು ಹೋದರೆ, ಅವರು ನನ್ನ ತಪ್ಪಿನಲ್ಲಿ ತಾವೂ ಪಾಲು ತೆಗೆದುಕೊಂಡರು.

ಆಮೇಲೆ ತಾವಾಗಿಯೇ ನಿಜವಾದ ಗಡಿಯಾರದ ವಿಷಯ ಹೇಳಿದರು. ಅದರ ಬೆನ್ನಿನ ಮೇಲೆ ಚಿತ್ರಗಿತ್ರ ಇರಲಿಲ್ಲ. ರೈಲ್ವೆಯ ಹೆಸರಿನ ಮೊದಲಕ್ಷರಗಳು, ಒಂದು ನಂಬರು, ಅಷ್ಟೇ. ಬಿಳಿಯ ಮುಖ, ಕಪ್ಪು ಅಂಕಿ, ಕಂದೀಲಿನ ಬೆಳಕಿನಲ್ಲೂ ಕಾಣಬೇಕು. ಕಳೆದುಹೋದರೆ ಉತ್ತರ ಹೇಳಬೇಕು, ಹಿಂದೆ ಬಿದ್ದರೆ ರಿಪೇರಿಗೆ ಒಪ್ಪಿಸಬೇಕು. ಮದುವೆ ದಿನವೂ ಅದು ಜೇಬಿನಲ್ಲಿತ್ತಂತೆ. ರಿಟೈರ್ ಆದ ದಿನ ಬಾವುಟ, ದೀಪ, ಸೀಟಿ, ಎಲ್ಲದರ ಜೊತೆ ಅದನ್ನೂ ಮೇಜಿನ ಮೇಲಿಟ್ಟರು. ಅಲ್ಲಿದ್ದ ಗುಮಾಸ್ತ ನಂಬರು ನೋಡಿ ಒಂದು ಟ್ರೇಗೆ ಹಾಕಿದ. ಅದರಲ್ಲಿ ಅಂಥವೇ ಇನ್ನೂ ಕೆಲವಿದ್ದವು. "ಯಾವುದು ನಂದು ಅಂತ ಆಗ್ಲೇ ಗೊತ್ತಾಗ್ಲಿಲ್ಲ" ಅಂದರು.

"ಆಮೇಲೆ ಕೈ ಸುಮ್ನಿರ್ತಿರ್ಲಿಲ್ಲ. ಜೇಬಿಗೇ ಹೋಗೋದು. ಏನೂ ಇಲ್ಲ. ನಿಮ್ಮತ್ತೆ ನಗೋಳು. ಬೆಂಗ್ಳೂರಿಗೆ ಬಂದಾಗ ಮಗಳ ಜೊತೆ ಬಜಾರಿಗೆ ಹೋಗಿ ಇದನ್ನ ತಗೊಂಡೆ. ಅಂಗಡಿಯವ್ನು ಬ್ರಿಟಿಷ್ರದ್ದು ಅಂದ. ನನಗೆ ನಗು ಬಂತು. ಆದರೆ ತೂಕ ಸರಿಯಾಗಿತ್ತು. ದಿನಾ ಹಿಂದೆ ಬೀಳುತ್ತೆ, ನಾನೇ ಸರಿಮಾಡ್ಕೋತೀನಿ. ಈಗ ನಾನು ಯಾವ ಗಾಡಿಗೆ ಹಸಿರು ಬಾವುಟ ತೋರಿಸ್ಬೇಕು."

ಇತ್ತ ಸಂಬಂಧ ಮುರಿದುಬಿತ್ತು ಎಂದೇ ನಾನು ತಿಳಿದಿದ್ದೆ. ಮಗಳು ನನ್ನ ಜೊತೆ ಸರಿಯಾಗಿ ಮಾತಾಡುತ್ತಿರಲಿಲ್ಲ. ಹಾಗಾಗಿ ಕೇಳುವ ಧೈರ್ಯವೂ ಇರಲಿಲ್ಲ. ಒಂದು ಸಂಜೆ ಹುಡುಗನ ತಂದೆಯ ಫೋನು ಬಂತು. ಗಡಿಯಾರದ ಮಾತೇ ಎತ್ತದೆ, "ನಿಮ್ಮ ಮಾವನೋರನ್ನ ಒಂದ್ಸಲ ನಮ್ಮನೆಗೆ ಕರ್ಕೊಂಡು ಬನ್ನಿ. ನನ್ನ ಹತ್ರ ರೈಲ್ವೇದು ಒಂದೆರಡಿದೆ, ಅವರಿಗೆ ತೋರಿಸ್ಬೇಕು" ಅಂದರು. ನನಗೆ ಹೋಗಲು ಕಾಲು ಬರಲಿಲ್ಲ. ಮಾವನವರು ಮಾತ್ರ ಅವತ್ತೇ ಶರ್ಟಿಗೆ ಇಸ್ತ್ರಿ ಹಾಕಿಸಿಕೊಂಡರು.

ಎಲ್ಲರೂ ಹೋದೆವು. ಅವರ ಮನೆಯ ಮೇಲಿನ ಕೋಣೆಯಲ್ಲಿ ಗಾಜಿನ ಬೀರು. ಒಂದೊಂದನ್ನೇ ಮೆತ್ತನೆ ಬಟ್ಟೆಯ ಮೇಲಿಟ್ಟು ತೋರಿಸಿದರು. ಒಂದು ಅಮೆರಿಕದ ರೈಲ್ವೆ ಗಡಿಯಾರ. ಅದರ ಮುಳ್ಳು ತಿರುಗಿಸಬೇಕಾದರೆ ಮುಂದಿನ ಗಾಜು ಬಿಚ್ಚಿ, ಅಂಚಿನಲ್ಲಿ ಅಡಗಿರುವ ಸಣ್ಣ ಕಡ್ಡಿ ಎಳೆಯಬೇಕು. ಜೇಬಿನಲ್ಲಿ ಕೈ ತಗುಲಿ ಅಪ್ಪಿತಪ್ಪಿ ಸಮಯ ಬದಲಾಗಬಾರದು ಎಂದು ಹಾಗೆ ಮಾಡಿದ್ದಂತೆ. ಹಿಂದೆ ಅಲ್ಲಿ ಊರಿಗೊಂದು ಸಮಯ ಇತ್ತು, ರೈಲು ಬಂದ ಮೇಲೆ ಅದು ನಡೆಯಲಿಲ್ಲ ಅಂದರು. ಒಬ್ಬ ನೌಕರನ ಗಡಿಯಾರ ಸ್ವಲ್ಪ ಹೊತ್ತು ನಿಂತು ಮತ್ತೆ ನಡೆದದ್ದಕ್ಕೆ ಎರಡು ಗಾಡಿ ಎದುರುಬದುರು ಡಿಕ್ಕಿಯಾದವಂತೆ, ಆಮೇಲೆ ಗಡಿಯಾರಗಳಿಗೆ ಕಟ್ಟುನಿಟ್ಟಿನ ನಿಯಮ ಬಂದವಂತೆ. ನಮ್ಮ ದೇಶದಲ್ಲೂ ಒಂದು ಕಾಲಕ್ಕೆ ರೈಲುಗಳು ಮದ್ರಾಸ್ ಸಮಯಕ್ಕೆ ಓಡುತ್ತಿದ್ದವು ಅಂದರು. ಮಾವನವರು ಮಗುವಿನ ಹಾಗೆ ಕೇಳುತ್ತಿದ್ದರು. ಅವರಿಗೂ ಅದೆಲ್ಲ ಹೊಸದು.

ಕೊನೆಗೆ ಬೀಗರು ಸಣ್ಣ ಡಬ್ಬಿಯಿಂದ ಒಂದನ್ನು ತೆಗೆದು ಮಾವನವರ ಅಂಗೈಯಲ್ಲಿಟ್ಟರು. ಬಿಳಿ ಮುಖ, ಕಪ್ಪು ಅಂಕಿ, ಬೆನ್ನಿನ ಮೇಲೆ ರೈಲ್ವೆಯ ಅಕ್ಷರ, ನಂಬರು. ಮಾವನವರ ಬೆರಳುಗಳು ಮುಚ್ಚಿಕೊಂಡವು. ಕೀ ಕೊಟ್ಟು ಕಿವಿಗೆ ಹಿಡಿದರು. ಬಹಳ ಹೊತ್ತು ಹಿಡಿದೇ ಇದ್ದರು.

"ನಿಮ್ಮ ಹತ್ರ ಇದ್ದದ್ದು ಹೀಗೇ ಇತ್ತಾ ಸಾರ್?" ಎಂದು ಬೀಗರು ಕೇಳಿದರು.

"ಹೀಗೇ. ಶಬ್ದಾನೂ ಹೀಗೇ." ಕಣ್ಣು ಒದ್ದೆಯಾಗಿತ್ತು.

"ಆ ಗ್ಯಾಂಗ್‌ಮನ್ ವಿಷಯ ಹೇಳ್ತೀರಾ?"

ಮಾವನವರು ನನ್ನ ಕಡೆ ಒಮ್ಮೆ ನೋಡಿದರು. ಹೇಳಲೇ ಎಂದು ಕೇಳುವ ಹಾಗಿತ್ತು, ನಮ್ಮ ಮನೆಯಲ್ಲಿ ಫ್ಯಾನ್ ಹಾಕುವ ಮೊದಲು ಕೇಳುತ್ತಿದ್ದ ಹಾಗೆ. ನಾನು ತಲೆ ತಗ್ಗಿಸಿದೆ. ಅವರು ಹೇಳಿದರು. ಗಾಡಿ ಗಕ್ಕನೆ ನಿಂತಾಗ ತಮಗೆ ಏನಾಯಿತೆಂದೇ ಗೊತ್ತಿರಲಿಲ್ಲ ಅಂದರು. ಹಿಂದಿನಿಂದ ಬೇರೆ ಗಾಡಿ ಬಂದು ಗುದ್ದದಿರಲಿ ಎಂದು ಕೆಂಪು ದೀಪ ಹಿಡಿದು ಹಳಿಯ ಮೇಲೆ ಹಿಂದಕ್ಕೆ ನಡೆದುಹೋಗಿ ಒಬ್ಬರೇ ಮಳೆಯಲ್ಲಿ ನಿಂತರಂತೆ. ಕಾಲು ನಡುಗುತ್ತಿತ್ತು ಅಂದರು. ಬೆಳಗಾದ ಮೇಲೆ ಮುಂದೆ ಹೋಗಿ ನೋಡಿದರೆ ಗ್ಯಾಂಗ್‌ಮನ್ನಿನ ಎರಡೂ ಪಾದ ಜಲ್ಲಿ ಕಲ್ಲಿಗೆ ಕೊಯ್ದುಹೋಗಿತ್ತು. ಬರಿಗಾಲಲ್ಲಿ ಓಡಿದ್ದ. ಮಾವನವರು ತಮ್ಮ ಫ್ಲಾಸ್ಕಿನ ಚಹಾ ಅವನಿಗೆ ಕುಡಿಸಿದರು. "ಅವನಿಗೆ ಯಾರೂ ಏನೂ ಕೊಡ್ಲಿಲ್ಲ. ಅವನು ಕೇಳ್ಲೂ ಇಲ್ಲ" ಅಂದರು.

ನಾನು ಅಳಿಸಿಹಾಕಿದ್ದು ಆ ಮನುಷ್ಯನನ್ನು. ಮಾವನವರ ನಡುಗುವ ಕಾಲನ್ನೂ ಅಳಿಸಿದ್ದೆ, ಅವರು ಕೊಟ್ಟ ಚಹಾವನ್ನೂ. ನನ್ನ ಕಥೆಗಿಂತ ಇದು ಎಷ್ಟೋ ಪಾಲು ಮೇಲಾಗಿತ್ತು, ಇಷ್ಟು ವರ್ಷ ನನ್ನ ಮನೆಯಲ್ಲೇ ಇತ್ತು.

ಈಗ ಹೇಳದಿದ್ದರೆ ಇನ್ನು ಯಾವತ್ತೂ ಆಗುವುದಿಲ್ಲ ಎನಿಸಿ, "ಅವತ್ತು ನಾನು ಮರೆವು ಅಂತ ಹೇಳಿದ್ನಲ್ಲ, ಅದು..." ಎಂದು ಶುರುಮಾಡಿದೆ. "ಅದು ಸುಳ್ಳು. ಅವರಿಗೆ ಎಲ್ಲಾ ನೆನಪಿದೆ. ನಾನೇ..."

ಹುಡುಗನ ತಾಯಿ ತಕ್ಷಣ ಎದ್ದು, "ಕಾಫಿ ಆರೋಗುತ್ತೆ, ಕೆಳಗೆ ಹೋಗೋಣ ಬನ್ನಿ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಎಲ್ಲರೂ ಎದ್ದರು. ನನ್ನ ಮಾತು ಅಲ್ಲೇ ಅರ್ಧಕ್ಕೆ ನಿಂತಿತು. ಮೆಟ್ಟಿಲು ಇಳಿಯುವಾಗ ಮಗಳು ನನ್ನ ಪಕ್ಕ ಬಂದು ತೋಳಿಗೆ ಕೈ ಹಾಕಿದಳು. ಆ ಕೈಗೆ ನಾನು ತಕ್ಕವನಲ್ಲ ಎನಿಸಿತು.

ಬೀಗರು ಆ ಗಡಿಯಾರವನ್ನು ಮಾವನವರಿಗೇ ಕೊಡುತ್ತೇನೆ ಅಂದರು. ಮಾವನವರು ಒಪ್ಪಲಿಲ್ಲ. ಅದು ಯಾರೋ ಒಬ್ಬ ಗಾರ್ಡಿನದು, ಇಲ್ಲಿ ಚೆನ್ನಾಗಿದೆ, ಬೇಕೆನಿಸಿದಾಗ ಬಂದು ಕೇಳಿಸಿಕೊಂಡು ಹೋಗುತ್ತೇನೆ ಅಂದರು. ಈಗ ತಿಂಗಳಿಗೊಮ್ಮೆಯಾದರೂ ಹೋಗುತ್ತಾರೆ. ಇಬ್ಬರೂ ಮೇಲಿನ ಕೋಣೆಯಲ್ಲಿ ಕೂತರೆ ಊಟಕ್ಕೆ ಕರೆದರೂ ಇಳಿಯುವುದಿಲ್ಲವಂತೆ.

ಮದುವೆ ಬನಶಂಕರಿಯ ಒಂದು ಛತ್ರದಲ್ಲಿ ಆಯಿತು. ಧಾರೆ ಮುಗಿದು ಮೊದಲ ಪಂಕ್ತಿಯ ಊಟ ನಡೆಯುತ್ತಿತ್ತು. ಬಡಿಸುವವರ ಹಿಂದೆ ಓಡಾಡಿ ಸಾಕಾಗಿ, ಖಾಲಿಯಿದ್ದ ಒಂದು ಎಲೆಯ ಮುಂದೆ ಐದು ನಿಮಿಷ ಕೂತೆ. ಪಕ್ಕದಲ್ಲಿ ಗಂಡಿನ ಕಡೆಯವರು ಯಾರೋ, ನನ್ನ ಗುರುತಿಲ್ಲದವರು. ಅವರು ಎದುರಿನ ಸಾಲಿನಲ್ಲಿ ಕೂತಿದ್ದ ಮಾವನವರನ್ನು ತಮ್ಮ ಹೆಂಡತಿಗೆ ತೋರಿಸಿ, "ಅಲ್ಲಿ ಕೂತಿದ್ದಾರಲ್ಲ, ವಿಭೂತಿ ಹಚ್ಚಿರೋರು, ಅವರು ಒಂದು ರೈಲನ್ನೇ ಉಳಿಸಿದ್ರಂತೆ. ವಾಚ್ ನೋಡಿ ಗೊತ್ತಾಯ್ತಂತೆ. ಗೌರ್ನಮೆಂಟು ಬಂಗಾರದ ವಾಚ್ ಕೊಟ್ಟಿದೆ" ಅಂದರು.

ಬಂಗಾರ ನನ್ನ ಕಥೆಯಲ್ಲಿರಲಿಲ್ಲ. ಅದು ದಾರಿಯಲ್ಲಿ ಸೇರಿತ್ತು.

"ಹಾಗಲ್ಲ ಸಾರ್" ಅಂದೆ. "ಉಳಿಸಿದ್ದು ಒಬ್ಬ ಗ್ಯಾಂಗ್‌ಮನ್. ಇವರು ಆ ಗಾಡಿಯ ಗಾರ್ಡು."

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ನಿಮಗೆ ಗೊತ್ತಿಲ್ಲ ಬಿಡಿ. ಅವರ ಅಳಿಯನೇ ಹೇಳಿದ್ದಂತೆ."

ನಾನೇ ಆ ಅಳಿಯ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಎಲೆಗೆ ಅನ್ನ ಬಿತ್ತು, ಸಾರಿನವನು ಬಂದು ನಿಂತ, ಅವರು ಹೆಂಡತಿಯ ಕಡೆ ತಿರುಗಿದರು. ನಾನು ತಲೆ ಬಗ್ಗಿಸಿ ಅನ್ನ ಕಲಸತೊಡಗಿದೆ.